ಹನ್ನೊಂದು ನಿಮಿಷ

ತಂತಿಬೇಲಿಯವರು ಈಗಲೂ ನುಡಿಸುತ್ತಾರೆ,
ವರ್ಷಕ್ಕೊಂದು ಸಂಜೆ, ಮೈಸೂರಿನಲ್ಲಿ, ಕುರ್ಚಿ ಹಾಕಿಕೊಂಡು.
ಡ್ರಮ್ಮಿನ ಯತಿರಾಜನಿಗೆ ಮಂಡಿನೋವು.
ಗಿಟಾರಿನ ಎಲ್ವಿನ್ ಲೋಬೋ ಕನ್ನಡಕ ಬದಲಿಸಿ
ತಂತಿ ಹುಡುಕುತ್ತಾನೆ.
ಹೊಸ ಹಾಡು ಶುರುವಾದರೆ ಹಿಂದಿನ ಸಾಲಿನಿಂದ ನಾವು ಕೂಗುತ್ತೇವೆ:
ಅದೆಲ್ಲ ಬ್ಯಾಡ ಕಣಪ್ಪೋ,
ಪೆಟ್ಟಿಗೆ ತೆಗಿ!

ಪೆಟ್ಟಿಗೆ ಎಂದರೆ ಟ್ರಂಕು.
ಮಂಡಿ ಮೊಹಲ್ಲಾದಲ್ಲಿ, ಸಿರಿಲ್ಲನ ಮಂಚದಡಿ.
ಸೌಂಡಿನ ಸಿರಿಲ್ ಹೋಗಿ ಆರು ವರ್ಷ.
ಬದುಕಿದ್ದಾಗ, ಹೋದ ಊರಲ್ಲೆಲ್ಲ
ಸದ್ದಿಲ್ಲದೆ ಒಂದು ಕ್ಯಾಸೆಟ್ ತಿರುಗಲು ಬಿಟ್ಟು,
ನೀಲಿ ಶಾಯಿಯಲ್ಲಿ ಊರು, ವರ್ಷ ಬರೆದಿಟ್ಟವನು.
ಹುಣಸೂರು. ಕೆ.ಆರ್. ಪೇಟೆ. ಮಂಡ್ಯ, ಎಂಬತ್ತೇಳು.

ಅಂಗಡಿಗೆ ಬಂದವು ಎರಡೇ, ಸ್ಟುಡಿಯೋದಲ್ಲಿ ಮಾಡಿದವು,
ತೊಳೆದಿಟ್ಟ ತಟ್ಟೆಗಳು; ಉಂಡ ಗುರುತೇ ಇಲ್ಲ.
ಟ್ರಂಕಿನವನ್ನು ಬಿಡಿ ಎಂದರೆ ಎಲ್ವಿನ್ ಒಪ್ಪುವುದಿಲ್ಲ.
ಅವತ್ತು ಶ್ರುತಿ ಸರಿಯಿರಲಿಲ್ಲ, ಅನ್ನುತ್ತಾನೆ.
ಸ್ವಾಮಿ, ಅವತ್ತು ಯಾರ ಶ್ರುತಿ ಸರಿಯಿತ್ತು?

ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದೊಂದು ರಾತ್ರಿ ಬೇಕು.
ಹೊಳಲಿನ ಪುಟ್ಟಮಾದುವಿಗೆ, ತಾನು ವೇದಿಕೆ ಹತ್ತಿ
ಕುಣಿದು ಬಿದ್ದ ಆ ಧಡ್:
ಮೂರನೇ ಹಾಡಿನ ನಡುವೆ ಇರಲೇಬೇಕಂತೆ, ಡ್ರಮ್ಮಲ್ಲವಂತೆ ಅದು.
ಮೆಹರುನ್ನೀಸಾಗೆ, ಮುಷೀರ್ ಬೇಸು ನಿಲ್ಲಿಸಿ ಕೆಮ್ಮಿದ್ದು.
ಯಾಕೆಂದು ಆಕೆ ಹೇಳುವುದಿಲ್ಲ.
ಜವರಪ್ಪ ಮೇಷ್ಟರಲ್ಲಿ ಒಂದು ಕಾಪಿಯ ಕಾಪಿಯ ಕಾಪಿ ಇತ್ತು;
ಅವರಪ್ಪ ಅದರ ಮೇಲೆ ಹರಿಕಥೆ ತುಂಬಿಸಿಬಿಟ್ಟರು.
ಈಗಲೂ ದಾಸರು ಉಸಿರೆಳೆದುಕೊಳ್ಳುವಾಗ
ಹಿಂದಿನಿಂದ ಗಿಟಾರೊಂದು ಇಣುಕಿ ಹೋಗುತ್ತದೆ,
ಪ್ರಸಾದಕ್ಕೆ ಎರಡನೇ ಸಲ ಬಂದ ಹುಡುಗನ ಹಾಗೆ.

ನನ್ನದು ಹೇಳಿದರೆ ನಗುತ್ತಾರೆ.
ನಾನು ಆ ರಾತ್ರಿ ಅಲ್ಲಿರಲೇ ಇಲ್ಲ.
ರಜೆ ಸಿಗದೆ, ಮೂರು ಫರ್ಲಾಂಗಿನಾಚೆ ಸಬ್‌ಸ್ಟೇಷನ್ನಿನಲ್ಲಿ,
ಖಾಕಿ ಜೇಬಿನಲ್ಲಿ ಹರಿಯದ ಟಿಕೆಟ್ಟು.
ಕಬ್ಬು ಅರೆಯುವ ಕಾಲ; ಕಾಕಂಬಿ ವಾಸನೆಯ ಗಾಳಿ
ಹಾಡನ್ನು ಚೂರುಚೂರಾಗಿ ತಂದು ಸುರಿಯುತ್ತಿತ್ತು.
ಬೇಸು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ.

ಒಂಬತ್ತು ನಲವತ್ತಕ್ಕೆ ಫೋನು.
ಲೋಡು ಜಾಸ್ತಿ, ಮೂರನೇ ಫೀಡರ್ ಇಳಿಸು.
ಇಳಿಸಿದೆ.
ಈ ಕೈಯಿಂದಲೇ.

ಕಾರ್ಖಾನೆಯ ದೀಪ ಬಿಟ್ಟು ಊರೆಲ್ಲ ಕಪ್ಪು.
ಬೈಗುಳಕ್ಕೆ ಕಿವಿಗೊಟ್ಟು ನಿಂತೆ.
ಬಂದದ್ದು ಒಂದು ಚಪ್ಪಾಳೆ, ಆಮೇಲೆ ಐವತ್ತು,
ಆಮೇಲೆ ಎಂಟುನೂರು ಗಂಟಲು,
ಮೈಕಿಲ್ಲದೆ, ಯಾರೂ ಎತ್ತಿಕೊಡದೆ,
ನಾನು ಕಡಿದ ಹಾಡನ್ನು ಕಡಿದಲ್ಲಿಂದಲೇ ಹೊತ್ತು ನಡೆದವು.
ಆಗ ಬಂತು ಮಾತು. ಒಂದೊಂದು ಪದವೂ.
ಲಾಗ್‌ಬುಕ್ಕಿನಲ್ಲಿ ನಾನೇ ಬರೆದೆ:
ಅಡಚಣೆ, 21.40ರಿಂದ 21.51.

ಅಷ್ಟು ಕೊಡಿ ಸಾಕು ಎಂದೆ ಎಲ್ವಿನ್‌ಗೆ, ಹೋದ ವರ್ಷ, ಕೈ ಹಿಡಿದು.
ಅವನು ಕನ್ನಡಕ ಒರೆಸಿದ.
ಕರೆಂಟೇ ಇರಲಿಲ್ಲವಲ್ಲ ಮಾರಾಯ,
ಟೇಪು ಹೇಗೆ ತಿರುಗೀತು?

ಮೂವತ್ತೊಂದು ವರ್ಷ ಲೈನು ಕಾದವನಿಗೆ
ಇಷ್ಟು ಹೊಳೆದಿರಲಿಲ್ಲ ನೋಡಿ.

ನಿನ್ನೆ ಸಿರಿಲ್ಲನ ಮನೆಗೆ ಹೋಗಿದ್ದೆ.
ಫಿಲೋಮಿನಾ ಟೀ ಕೊಡುತ್ತಾ ಅಂದರು:
ನಿಮ್ಮ ಇಲಾಖೆಯನ್ನು ಅವರು ಯಾವತ್ತೂ ನಂಬಿದವರಲ್ಲ.
ಪ್ರತಿ ಸಲ ಹೊರಡುವಾಗಲೂ ಆರು ದಪ್ಪ ಸೆಲ್ಲು ತರುತ್ತಿದ್ದರು,
ಟಾರ್ಚಿಗೋ, ಇನ್ಯಾತಕ್ಕೋ.

ಬೀಗದ ಕೈ ಎಲ್ವಿನ್ ಹತ್ತಿರ.
ಮಂಚದ ಕೆಳಗೆ ನೋಡಬಾರದೆಂದು
ಟೀಯನ್ನೇ ನೋಡುತ್ತಾ ಕುಡಿದೆ,
ತಳದ ಸಕ್ಕರೆಯವರೆಗೂ.